ಗುಸ್ತಾರ್ ಅಂದರೆ ಇಷ್ಟ ಅಲ್ಲ, ಹಿಡಿಸುವುದು

ಮಾದ್ರಿದ್, 15 ಅಕ್ಟೋಬರ್ 2024, ಮಂಗಳವಾರ

ಸ್ಪ್ಯಾನಿಷಿನ ಎ1, ಅಂದರೆ ಮೊದಲ ಹಂತದ, ತರಗತಿಯ ಇವತ್ತಿನ ಪಾಠ ಗುಸ್ತಾರ್ ಅನ್ನುವ ಕ್ರಿಯಾಪದ. ಇಂಗ್ಲಿಷಿನ ಕೈಹಿಡಿದು ಬಂದವರು ಒದ್ದಾಡುವುದು ಇಲ್ಲೇ. ‘ಐ ಲೈಕ್’ನ ‘ಐ’ ತೆಗೆದು ‘ಯೊ’ ಕೂರಿಸಿ ‘ಯೊ ಗುಸ್ತೊ ಕಫೆ’ ಅನ್ನುತ್ತಾರೆ. ಸರಿಯಾದದ್ದು ‘ಮೆ ಗುಸ್ತಾ ಎಲ್ ಕಫೆ’. ‘ಮೆ’ ಅಂದರೆ ನನಗೆ. ವಾಕ್ಯದ ಕರ್ತೃ ಕಾಫಿ. ಕನ್ನಡದ ಕಿವಿಗೆ ಇದು ಹಳೇ ಪರಿಚಯ. ಆದರೆ ನೋಟ್‌ಬುಕ್ಕಿನಲ್ಲಿ ಎದುರಿಗೆ ‘ಇಷ್ಟ’ ಅಂತ ಬರೆದುಕೊಂಡರೆ ಮುಂದಿನ ವಾಕ್ಯದಲ್ಲೇ ತಪ್ಪುತ್ತದೆ. ‘ಹಿಡಿಸು’ ಅಂತ ಬರೆಯಬೇಕು. ಮನೆ ಹಿಡಿಸಿತು, ಮನೆಗಳು ಹಿಡಿಸಿದವು. ಅದೇ ಲೆಕ್ಕದಲ್ಲಿ ‘ಮೆ ಗುಸ್ತಾ ಲಾ ಕಾಸಾ’, ‘ಮೆ ಗುಸ್ತಾನ್ ಲಾಸ್ ಕಾಸಾಸ್’. ‘ಇಷ್ಟ’ ಒಂದಕ್ಕೂ ಹತ್ತಕ್ಕೂ ಹಾಗೇ ಇರುತ್ತದಲ್ಲ, ಆ ಕೊನೆಯ ‘ನ್’ ಬಿಟ್ಟುಹೋಗುವುದು ಅದಕ್ಕೇ.

ಹೆಸರು ಬಂದಾಗ ಎರಡೆರಡು ಗುರುತು ಬೇಕು: ‘ಆ ರವಿ ಲೆ ಗುಸ್ತಾ’. ‘ಆ ರವಿ’ ಅಂದರೇ ರವಿಗೆ ಅಂತ ಆಯ್ತಲ್ಲ, ಮತ್ತೆ ‘ಲೆ’ (ಅವನಿಗೆ) ಯಾಕೆ ಅಂತ ಅದನ್ನು ಬಿಡುವಂತಿಲ್ಲ. ತಲೆನೋವಿಗೂ ಇದೇ ಅಚ್ಚು: ‘ಮೆ ದುವೆಲೆ ಲಾ ಕಬೇಥಾ’, ನನಗೆ ತಲೆ ನೋಯುತ್ತಿದೆ.

ಇನ್ನೂ ಸೊಗಸಾದದ್ದು ಮರೆವಿನ ಮಾತು. ಕೀಲಿಕೈ ಬಿಟ್ಟುಬಂದವರು ‘ಮರೆತೆ’ ಅನ್ನುವುದಕ್ಕಿಂತ ‘ಮರೆತುಹೋಯ್ತು’ ಅನ್ನುವುದೇ ಹೆಚ್ಚು. ತಪ್ಪು ನಮ್ಮದಲ್ಲ, ಕೀಲಿಕೈಯದು. ಸ್ಪೇನಿನವರೂ ಅಷ್ಟೇ: ‘ಸೆ ಮೆ ಓಲ್ಬಿದಾರೋನ್ ಲಾಸ್ ಯಾಬೆಸ್’. ಲೋಟ ಬಿದ್ದುಹೋದರೆ ‘ಸೆ ಮೆ ಕಾಯೋ ಎಲ್ ಬಾಸೊ’. ಪಠ್ಯಪುಸ್ತಕಗಳು ಇದನ್ನು ತಡವಾಗಿ ಕಲಿಸುತ್ತವೆ. ಕನ್ನಡದವರು ಅಲ್ಲಿಯವರೆಗೆ ಕಾಯಬೇಕಿಲ್ಲ.

ಮನುಷ್ಯರ ಮುಂದೆ ಬರುವ ‘ಆ’ ಕೂಡ ಹೀಗೆಯೇ. ಸಿನಿಮಾ ನೋಡಿದೆ, ಟೀಚರನ್ನು ನೋಡಿದೆ. ಮಾತಿನಲ್ಲಿ ಸಿನಿಮಾಕ್ಕೆ ‘ಅನ್ನು’ ಬಿಟ್ಟರೂ ನಡೆಯುತ್ತದೆ, ಟೀಚರಿಗೆ ಬಿಟ್ಟರೆ ಕಿವಿಗೆ ಹೊಡೆಯುತ್ತದೆ. ‘ಬಿ ಲಾ ಪೆಲಿಕುಲಾ’, ಆದರೆ ‘ಬಿ ಆ ಲಾ ಪ್ರೊಫೆಸೋರಾ’.

ಕನ್ನಡವೇ ಕೈಕೊಡುವ ಜಾಗಗಳೂ ಇವೆ. ನನಗೆ ಚಳಿ, ನನಗೆ ಹಸಿವು, ನನಗೆ ಇಬ್ಬರು ಮಕ್ಕಳು: ಇವಕ್ಕೆ ‘ಮೆ’ ಹಚ್ಚಿದರೆ ಕೆಟ್ಟಿತು. ಸ್ಪ್ಯಾನಿಷಿನಲ್ಲಿ ಇವೆಲ್ಲ ‘ತೆಂಗೊ’, ನನ್ನ ಹತ್ತಿರ ಇದೆ: ತೆಂಗೊ ಫ್ರೀಯೊ, ತೆಂಗೊ ಆಂಬ್ರೆ, ತೆಂಗೊ ದೋಸ್ ಈಹೋಸ್. (ತೆಂಗೂ ದೋಸೆಯೂ ಒಟ್ಟಿಗೆ ಬಂದದ್ದರಿಂದ ಕೊನೆಯದು ಮರೆಯುವುದಿಲ್ಲ.)

ನಮ್ಮ ‘ಇದೆ’ ಇನ್ನೊಂದು ಬಲೆ. ‘ಇಲ್ಲಿ ಬ್ಯಾಂಕ್ ಇದೆಯಾ?’ ಅಂದರೆ ‘ಆಯ್ ಉನ್ ಬಾಂಕೊ ಆಕೀ?’, ‘ಬ್ಯಾಂಕ್ ಎಲ್ಲಿದೆ?’ ಅಂದರೆ ‘ದೋಂದೆ ಎಸ್ತಾ ಎಲ್ ಬಾಂಕೊ?’ ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆಯಾದರೆ ‘ಆಯ್’. ಇದೆ ಅಂತ ಗೊತ್ತು, ಜಾಗ ಬೇಕು ಅಂದರೆ ‘ಎಸ್ತಾ’. ‘ಆಯ್’ ಆದ ಮೇಲೆ ‘ಎಲ್’, ‘ಲಾ’ (ಇಂಗ್ಲಿಷಿನ ‘ದಿ’ ಇದ್ದ ಹಾಗೆ) ಹಾಕಿದರೆ ಕೆಂಪು ಗೆರೆ ಖಾತ್ರಿ.

‘ಇರು’ ಅನ್ನುವುದಕ್ಕೆ ಸ್ಪ್ಯಾನಿಷಿನಲ್ಲಿ ಎರಡು ಕ್ರಿಯಾಪದ, ಸೆರ್ ಮತ್ತು ಎಸ್ತಾರ್ (‘ಎಸ್’, ‘ಎಸ್ತಾ’ ಅವುಗಳ ರೂಪ). ಇವುಗಳ ಜಗಳಕ್ಕೆ ಒಂದು ಕಚ್ಚಾ ಅಳತೆ. ಕನ್ನಡದಲ್ಲಿ ಕ್ರಿಯಾಪದವೇ ಬೇಡವೆನಿಸಿದರೆ ಸೆರ್: ಅವರು ಡಾಕ್ಟರು, ‘ಎಸ್ ಮೇದಿಕೊ’. (ಆ ‘ಎಸ್’ ನುಂಗಿಬಿಡುವುದು ನಮ್ಮವರ ಮಾಮೂಲು ತಪ್ಪು.) ‘ಇದೆ’, ‘ಇದ್ದಾನೆ’ ಬೇಕೇ ಬೇಕಾದರೆ ಎಸ್ತಾರ್: ಬಾಗಿಲು ತೆರೆದಿದೆ, ಕಾಫಿ ಬಿಸಿಯಾಗಿದೆ. ಈ ಅಳತೆ ಎಲ್ಲ ಕಡೆ ನಡೆಯುವುದಿಲ್ಲ. ‘ಎತ್ತರ ಇದ್ದಾಳೆ’ ಅಂದರೂ ‘ಎಸ್ ಆಲ್ತಾ’. ‘ಕ್ಲಾಸು ಐದನೇ ಕೋಣೆಯಲ್ಲಿದೆ’ ಅನ್ನುವುದಕ್ಕೂ ‘ಎಸ್’, ಯಾಕೆಂದರೆ ಕ್ಲಾಸು ವಸ್ತುವಲ್ಲ, ನಡೆಯುವ ಕಾರ್ಯಕ್ರಮ.

ಉಚ್ಚಾರಕ್ಕೆ ಬಂದರೆ ನೋಟ್ಸನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದೇ ವಾಸಿ, ಆದರೆ ಟ, ಡ ಕಟ್ಟುನಿಟ್ಟಾಗಿ ನಿಷೇಧ. ಸ್ಪ್ಯಾನಿಷಿನ ತ, ದ ಹಲ್ಲಿನವು. ಪೇಪರುಗಳು ‘ಮ್ಯಾಡ್ರಿಡ್’ ಅಂತ ಬರೆದೂ ಬರೆದೂ ನಾಲಿಗೆ ತಾನಾಗಿ ಹಿಂದಕ್ಕೆ ಮಡಚುತ್ತದೆ. ಇಲ್ಲಿಯ ‘ಗ್ರಾಥಿಯಾಸ್’ನ ಥ ಮಾತ್ರ ನಮ್ಮ ಮಹಾಪ್ರಾಣವಲ್ಲ, ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು ಗಾಳಿ ಸೋಸಬೇಕು. ಲ್ಯಾಟಿನ್ ಅಮೆರಿಕದಲ್ಲಿ ಅದು ಬರೀ ‘ಸ’. ವಯಸ್ಸು ಹೇಳುವಾಗ ‘ಆಞೋಸ್’ನ ಞ ಗಟ್ಟಿಯಾಗಿರಲಿ. ‘ಆನೋಸ್’ ಅಂದರೆ ವರ್ಷಗಳಲ್ಲ, ಗುದದ್ವಾರಗಳು.

ಒತ್ತು ಎಲ್ಲಿ ಬೀಳುತ್ತದೆ ಅನ್ನುವುದನ್ನು ಕನ್ನಡದ ಕಿವಿ ಗಮನಿಸುವುದೇ ಇಲ್ಲ. ‘ಆಬ್ಲೊ’ದ ಮೊದಲಿಗೆ ಒತ್ತು ಬಿದ್ದರೆ ಮಾತಾಡುತ್ತೇನೆ, ಕೊನೆಗೆ ಬಿದ್ದರೆ ಅವನು ಮಾತಾಡಿದ. ಪದ ಸ್ವರದಲ್ಲೋ ನ್, ಸ್‌ನಲ್ಲೋ ಮುಗಿದರೆ ಕೊನೆಯಿಂದ ಎರಡನೆಯ ಅಕ್ಷರಕ್ಕೆ ಒತ್ತು, ಇಲ್ಲದಿದ್ದರೆ ಕೊನೆಯದಕ್ಕೆ. ಈ ನಿಯಮ ಮುರಿಯುವ ಪದದ ನೆತ್ತಿಯ ಮೇಲೆ ಗೀಟು ಇರುತ್ತದೆ.

ಎಲ್ಲಿ ಸೇರುವುದು ಅಂತ ಕೇಳುವವರಿಗೆ: ಸರ್ಕಾರಿ ಭಾಷಾಶಾಲೆ, ಎಸ್ಕ್ವೆಲಾ ಓಫಿಥಿಯಾಲ್ ದೆ ಇದಿಯೋಮಾಸ್. ಮೊದಲನೆಯದು ಶುರುವಾದದ್ದು ಇಲ್ಲೇ, 1911ರಲ್ಲಿ. ಸೀಟು ತಪ್ಪಿದರೆ ವಯಸ್ಕರ ಶಿಕ್ಷಣ ಕೇಂದ್ರಗಳಲ್ಲಿ ವಲಸಿಗರಿಗೆ ಸ್ಪ್ಯಾನಿಷ್ ಕಲಿಸುತ್ತಾರೆ.

ಸ್ಪೇನಿನ ಪೌರತ್ವಕ್ಕೆ ಬೇಕಾದ ಸ್ಪ್ಯಾನಿಷ್ ಭಾಷಾ ಪರೀಕ್ಷೆ ದೆಲೆ. ಅದರ ಎ2 ಹಂತದಲ್ಲಿ ಓದು 60 ನಿಮಿಷ, ಕೇಳುವುದು 40, ಬರೆಯುವುದು 45, ಮಾತು 12. ಮಾತಿಗೆ ಮುಂಚೆ ತಯಾರಿಗೆ ಇನ್ನೊಂದು 12. ಓದು, ಬರಹ ಸೇರಿ 50 ಅಂಕ. ಕೇಳು, ಮಾತು ಸೇರಿ 50. ಎರಡು ಗುಂಪಿನಲ್ಲೂ ಬೇರೆಬೇರೆಯಾಗಿ 30 ಬರಬೇಕು. ಬರಹದಲ್ಲಿ ಬಾಚಿದ ಅಂಕ ಕಿವಿಯ ಸಾಲ ತೀರಿಸುವುದಿಲ್ಲ. ವ್ಯಾಕರಣ ಅರೆದು ಕುಡಿದವರು ಸಿಕ್ಕಿಬೀಳುವುದು ಈ ಎರಡನೇ ಗುಂಪಿನಲ್ಲೇ.

ಗುರುವಾರಕ್ಕೆ ಹೋಂವರ್ಕ್: ‘ಮೆ ಗುಸ್ತಾನ್’ ಹಾಕಿ ಹತ್ತು ವಾಕ್ಯ. ಎಲ್ಲ ಬಹುವಚನ.