ಕುರಿಗಳು ನುಣುಪಾಗಿಸಿದ ಗೋಡೆ

ತಪ್ಪು ನನ್ನ ಕೈಗಡಿಯಾರದ್ದು ಎಂದು ನನ್ನಾಕೆ ಇಂದಿಗೂ ಹೇಳುತ್ತಾಳೆ. ಪಾಪ, ಅದು ದಿನವೂ ಕೀಲಿ ಕೊಡುವ ಹಳೆಯ ಎಚ್‌ಎಂಟಿ. ಅಂದು ಬೆಳಿಗ್ಗೆಯೂ ಒಂದು ನಿಮಿಷ ಹೆಚ್ಚುಕಡಿಮೆ ಇಲ್ಲದೆ ಓಡುತ್ತಿತ್ತು. ಮಾರ್ಚ್ ತಿಂಗಳ ಕೊನೆಯ ಭಾನುವಾರದ ನಸುಕಿನಲ್ಲಿ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ ಎಂದು ಮ್ಯೂನಿಕ್‌ನಲ್ಲಿರುವ ಮಗಳು ಫೋನಿನಲ್ಲಿ ಎರಡು ಸಲ ಹೇಳಿದ್ದಳು. ನಾನು ಎರಡು ಸಲವೂ ‘ಆಯಿತಮ್ಮ’ ಎಂದಿದ್ದೆ. ಮೊಬೈಲನ್ನು ಚಾರ್ಜಿಗೆ ಹಾಕಿ, ಎಚ್‌ಎಂಟಿಯನ್ನು ನಂಬಿ ಮಲಗಿದೆವು. ಬೆಳಿಗ್ಗೆ ಹತ್ತು ನಿಮಿಷ ಮುಂಚೆಯೇ ಬಂದಿದ್ದೇವೆಂಬ ಹೆಮ್ಮೆಯಲ್ಲಿ ಗ್ರೀಸಿನ ನಾಫ್ಪ್ಲಿಯೊ ಊರಿನ ಬಸ್ ನಿಲ್ದಾಣ ತಲುಪಿದಾಗ, ನಾವು ನೋಡಬೇಕೆಂದಿದ್ದ ಪ್ರಾಚೀನ ಕೋಟೆ ಮೈಸಿನಿಯ ಬಸ್ಸು ಹೋಗಿ ಐವತ್ತು ನಿಮಿಷವಾಗಿತ್ತು.

ಭಾನುವಾರ ಬಸ್ಸುಗಳೇ ಕಡಿಮೆ. ಮುಂದಿನದನ್ನು ಹಿಡಿದರೆ ಅಲ್ಲಿ ಮುಟ್ಟುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತು. ಮಾರ್ಚ್ ಮುಗಿಯುವವರೆಗೂ ಚಳಿಗಾಲದ ವೇಳಾಪಟ್ಟಿ, ಮಧ್ಯಾಹ್ನವೇ ಮುಚ್ಚಿಬಿಡುತ್ತಾರೆ. ಟಿಕೆಟ್ ಕೊಡುವಾತ ನಮ್ಮ ಮುಖ ನೋಡಿ, ನನ್ನ ಗಡಿಯಾರ ನೋಡಿ, ನಕ್ಕ. ಆಮೇಲೆ ಕನಿಕರಪಟ್ಟು ಆರ್ಗೋಸ್ ಕಡೆಯ ಬಸ್ಸು ತೋರಿಸಿ ‘ಟಿರಿನ್ಥಾ’ ಎಂದ. ನಾಲ್ಕೇ ಕಿಲೋಮೀಟರು. ಅವನು ಹೇಳಿದ್ದು ಟಿರಿನ್ಸ್ ಎಂಬ ಇನ್ನೊಂದು ಪ್ರಾಚೀನ ಕೋಟೆಯನ್ನು. ನನ್ನ ಪಟ್ಟಿಯಲ್ಲಿ ಅದೂ ಇತ್ತು, ಆದರೆ ‘ಸಮಯ ಉಳಿದರೆ’ ಎಂಬ ಸಾಲಿನಲ್ಲಿ. ಅಂದು ಉಳಿದದ್ದು ಸಮಯವೊಂದೇ.

ಹಿಂದಿನ ದಿನದ ವಿಷಯ ಸ್ವಲ್ಪ ಹೇಳಬೇಕು. ಅಥೆನ್ಸ್‌ನಿಂದ ನಾಫ್ಪ್ಲಿಯೊಗೆ ಬಸ್ಸಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಆಧುನಿಕ ಗ್ರೀಸಿನ ಮೊದಲ ರಾಜಧಾನಿ ಈ ಊರು. 1834ರಲ್ಲಿ ರಾಜಧಾನಿಯನ್ನು ಅಥೆನ್ಸ್‌ಗೆ ಸಾಗಿಸಿದರು. ಹಾಗೆ ಸಾಗಿಸಿದ್ದರಿಂದಲೇ ಊರು ಉಳಿಯಿತು ಎಂದು ನನ್ನ ಅನಿಸಿಕೆ. ವೆನಿಸ್‌ನವರು ಕಟ್ಟಿದ್ದರ ಮೇಲೆ ತುರ್ಕರು, ತುರ್ಕರು ಬಿಟ್ಟದ್ದರ ಮೇಲೆ ಗ್ರೀಕರು ಬಾಳಿದ್ದಾರೆ. ಹಳೆಯ ಮಸೀದಿಯೊಂದು ಸಂಸತ್ತಾಗಿತ್ತು, ಇನ್ನೊಂದು ಸಿನಿಮಾ ಮಂದಿರವಾಯಿತು. ಬಂದರಿನ ಎದುರಿಗೆ ನೀರಿನ ನಡುವೆ ಬೂರ್ಟ್ಸಿ ಎಂಬ ಪುಟ್ಟ ಕೋಟೆಯಿದೆ. ಒಂದು ಕಾಲದಲ್ಲಿ ಅಲ್ಲಿ ವಾಸವಿದ್ದವರು ಸೆರೆಮನೆಯಲ್ಲಿ ಮರಣದಂಡನೆಯಾದವರ ಕೊರಳು ಕತ್ತರಿಸುವವರು. ಅವರು ತಮ್ಮ ನಡುವೆ ಇರುವುದು ಊರಿನವರಿಗೆ ಬೇಡವಾಗಿತ್ತು.

ಊರಿನ ನೆತ್ತಿಯ ಮೇಲೆ 216 ಮೀಟರ್ ಎತ್ತರದಲ್ಲಿ ಪಲಮಿಡಿ ಕೋಟೆ. ವೆನಿಸ್‌ನವರು 1711ರಿಂದ 1714ರವರೆಗೆ ಕಟ್ಟಿದ್ದು, 1715ರಲ್ಲಿ ತುರ್ಕರಿಗೆ ಬಿಟ್ಟುಕೊಟ್ಟದ್ದು. ಇಷ್ಟು ಖರ್ಚು ಮಾಡಿ ಇಷ್ಟು ಬೇಗ ಕೈಬಿಟ್ಟ ಕಾಮಗಾರಿಯನ್ನು ನಾನು ಸೇವೆಯಲ್ಲಿದ್ದಾಗಲೂ ಕಂಡಿಲ್ಲ. ಮೆಟ್ಟಿಲು 999 ಎಂದು ಊರಿನವರೆಲ್ಲ ಹೇಳುತ್ತಾರೆ. ಸಾವಿರನೆಯದು ಸ್ವಾತಂತ್ರ್ಯ ಸಂಗ್ರಾಮದ ಸೇನಾನಿ ಕೊಲೊಕೊಟ್ರೋನಿಸ್‌ನ ಕುದುರೆಯ ಗೊರಸಿಗೆ ಮುರಿಯಿತಂತೆ. ನಾನು ಎಣಿಸಿಕೊಂಡೇ ಹತ್ತಿದೆ. 871 ಬಂತು. ನನ್ನಾಕೆಗೆ ಐನೂರರ ನಂತರ ಮಂಡಿನೋವಿನಲ್ಲಿ ಲೆಕ್ಕ ತಪ್ಪಿತು. “ಊರಿನವರು ಹೇಳಿದ್ದನ್ನು ನಂಬಿಬಿಡಿ, ನಿಮ್ಮ ಅಳತೆ ಪುಸ್ತಕ ಇಲ್ಲಿಗೂ ತರಬೇಡಿ” ಎಂದಳು. 31 ವರ್ಷ ಲೋಕೋಪಯೋಗಿ ಇಲಾಖೆಯಲ್ಲಿದ್ದವನಿಗೆ ಹೆಂಡತಿಯಿಂದ ಸಿಗುವ ಮರ್ಯಾದೆ ಇದು. ಅವಳು ಹಾಸನದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವಳು.

ಭಾನುವಾರಕ್ಕೆ ಬರುತ್ತೇನೆ. ಬಸ್ಸಿನವನು ಕಿತ್ತಳೆ ತೋಟಗಳ ನಡುವೆ ನಮ್ಮನ್ನು ಇಳಿಸಿ ಹೋದ. ಹೂ ಬಿಡಲು ಆಗ ತಾನೇ ಆರಂಭವಾಗಿತ್ತು. ಕೊಡಗಿನಲ್ಲಿ ಕಾಫಿ ಹೂ ಅರಳಿದಾಗ ರಸ್ತೆಗೆ ಬರುವ ಕಂಪನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಿಗೆ ಒಂದು ತಗ್ಗು ದಿಬ್ಬ, ಅದರ ಸುತ್ತ ಬಂಡೆಗಳ ರಾಶಿ. ‘ಇದೇನಾ?’ ಎಂಬ ಪ್ರಶ್ನೆ ಇಬ್ಬರ ಮುಖದಲ್ಲೂ ಇತ್ತು, ಯಾರೂ ಬಾಯಿಬಿಡಲಿಲ್ಲ. ಪಕ್ಕದಲ್ಲೇ ಒಂದು ಬಂದೀಖಾನೆ, ಕೈದಿಗಳು ವ್ಯವಸಾಯ ಮಾಡುವಂಥದ್ದು. ಆ ಜಾಗದಲ್ಲಿ ಮೊದಲು ಇದ್ದದ್ದು ಕೃಷಿಶಾಲೆ. ಹೊಸ ಗ್ರೀಸಿನ ಮೊದಲ ಆಡಳಿತಗಾರ ಕಪೊಡಿಸ್ಟ್ರಿಯಾಸ್ 1829ರಲ್ಲಿ ತೆರೆದದ್ದು. ಆಲೂಗಡ್ಡೆಯನ್ನು ಗ್ರೀಕರಿಗೆ ರೂಢಿ ಮಾಡಿಸಿದವನು ಅವನೇ ಎನ್ನುತ್ತಾರೆ. ಬಿಟ್ಟಿಯಾಗಿ ಕೊಟ್ಟರೂ ಜನ ಮುಟ್ಟಲಿಲ್ಲವಂತೆ. ಆಗ ಆಲೂಗಡ್ಡೆಯ ರಾಶಿ ಹಾಕಿಸಿ ಸುತ್ತ ಕಾವಲು ನಿಲ್ಲಿಸಿದ. ಕಾವಲಿನವರಿಗೆ, ಯಾರಾದರೂ ಕದ್ದರೆ ಕಾಣದಂತೆ ಇರಿ ಎಂದ. ರಾಶಿ ಕರಗಿತು. ಕಥೆ ನಿಜವೋ ಸುಳ್ಳೋ, ಹಾಸನದ ನಮಗೆ ಆಲೂಗಡ್ಡೆಯ ಕಥೆ ಎಂದರೆ ಕಿವಿ ನಿಮಿರುತ್ತದೆ.

ದಿಬ್ಬ ಹತ್ತತೊಡಗಿದ ಮೇಲೆ ನಾನು ಮಾತು ನಿಲ್ಲಿಸಿದೆ. ಬಂಡೆಗಳ ರಾಶಿ ಎಂದುಕೊಂಡಿದ್ದು ಗೋಡೆ. ಕೆಲವೆಡೆ ಎಂಟು ಮೀಟರು ದಪ್ಪ. ಕ್ರಿ.ಪೂ. 14 ಮತ್ತು 13ನೆಯ ಶತಮಾನಗಳ ಕೆಲಸ. ಗಾರೆ ಇಲ್ಲ, ಸುಣ್ಣ ಇಲ್ಲ, ಬಂಡೆಗಳನ್ನು ಹೆಚ್ಚು ಕೆತ್ತಿಯೂ ಇಲ್ಲ. ದೊಡ್ಡದರ ಮೇಲೆ ದೊಡ್ಡದು ಕೂರಿಸಿ, ಸಂದುಗಳಿಗೆ ಚಿಕ್ಕ ಕಲ್ಲು ತುರುಕಿದ್ದಾರೆ. ಮನುಷ್ಯರಿಂದ ಆಗದ ಕೆಲಸವೆಂದು ಹಳೆಯ ಗ್ರೀಕರು ಇದನ್ನು ಒಕ್ಕಣ್ಣಿನ ರಾಕ್ಷಸರಾದ ಸೈಕ್ಲೋಪ್‌ಗಳ ತಲೆಗೆ ಕಟ್ಟಿದರು. ಕ್ರಿ.ಶ. ಎರಡನೆಯ ಶತಮಾನದ ಯಾತ್ರಿಕ ಪಾಸೇನಿಯಸ್, ಇಲ್ಲಿನ ಅತಿ ಚಿಕ್ಕ ಕಲ್ಲನ್ನೂ ಒಂದು ಜೋಡಿ ಹೇಸರಗತ್ತೆಗಳು ಅಲುಗಾಡಿಸಲಾರವು ಎಂದು ಬರೆದ. ಅವನೇ ಇನ್ನೊಂದು ಕಡೆ ಗೊಣಗಿದ್ದಾನೆ: ನಮ್ಮವರು ಪರದೇಶದ್ದನ್ನು ಕಂಡು ಬೆರಗಾಗುತ್ತಾರೆ, ಈಜಿಪ್ಟಿನ ಪಿರಮಿಡ್ಡುಗಳನ್ನು ಉದ್ದಕ್ಕೂ ವರ್ಣಿಸುತ್ತಾರೆ, ಟಿರಿನ್ಸ್‌ನ ಗೋಡೆಗೆ ಒಂದು ಸಾಲನ್ನೂ ಕೊಡುವುದಿಲ್ಲ. ನನ್ನಾಕೆ ಇದನ್ನು ಹೇಳಿದಾಗ ನಾನು ಆಚೆ ತಿರುಗಿದೆ. ಹಾಸನದಲ್ಲಿ ಹುಟ್ಟಿ ಬೆಳೆದು ದೊಡ್ಡಗದ್ದವಳ್ಳಿಯ ದೇವಾಲಯವನ್ನು ನಾನು ಮೊದಲು ನೋಡಿದ್ದು ನಿವೃತ್ತನಾದ ಮೇಲೆ, ಅದೂ ಬೆಂಗಳೂರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಬೇಕಾಗಿ ಬಂದದ್ದರಿಂದ.

ಗೋಡೆಯ ದಪ್ಪದೊಳಗೇ ಓಣಿಯಂಥ ಮೊಗಸಾಲೆಗಳಿವೆ. ಎರಡೂ ಬದಿಯ ಬಂಡೆಗಳು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಚಾಚಿಕೊಂಡು ಮೇಲೆ ಚೂಪಾಗಿ ಕೂಡುತ್ತವೆ. ಕೈ ಜೋಡಿಸಿ ಬೆರಳ ತುದಿ ಮುಟ್ಟಿಸಿ, ಅಂಗೈಗಳನ್ನು ಅಗಲಿಸಿ ಹಿಡಿದರೆ ಆಗುವ ಆಕಾರ. ನಿಜವಾದ ಕಮಾನಲ್ಲ ಇದು. ನಮ್ಮ ಹೊಯ್ಸಳ ದೇವಾಲಯಗಳ ಭುವನೇಶ್ವರಿ ಎಂಬ ಒಳಚಾವಣಿಯಲ್ಲೂ ತತ್ವ ಇದೇ, ಕಲ್ಲು ಚಾಚಿ ಚಾಚಿ ಮುಚ್ಚುವುದು. ಕೆತ್ತನೆಯ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಕೆತ್ತನೆ ಇಲ್ಲ, ಲೆಕ್ಕ ಬತ್ತಲಾಗಿ ಕಾಣುತ್ತದೆ.

ಒಳಗೆ ಹೋಗುವಂತಿರಲಿಲ್ಲ, ಅಡ್ಡ ಕಟ್ಟಿದ್ದರು. ಬಾಯಿಯಲ್ಲಿ ನಿಂತು ಇಣುಕಿದೆವು. ಆಗ ಕಂಡದ್ದು ಆ ಹೊಳಪು. ಹೊರಗಡೆ ಅಷ್ಟು ಒರಟಾಗಿದ್ದ ಬಂಡೆಗಳು ಇಲ್ಲಿ ರುಬ್ಬುವ ಕಲ್ಲಿನ ಹಾಗೆ ನುಣುಪಾಗಿದ್ದವು. ಮೊದಲು ನೀರು ಹರಿದಿರಬೇಕು ಎಂದುಕೊಂಡೆ. ನೀರಿನ ಸವೆತ ಹೀಗಿರುವುದಿಲ್ಲ. ಒರೆಸಿ ಇಟ್ಟ ಹಿತ್ತಾಳೆಯ ಹಾಗೆ, ಉಬ್ಬಿದ ಕಡೆ ಮಾತ್ರ ಮಿನುಗು. “ಕುರಿ” ಎಂದಳು ನನ್ನಾಕೆ. ಈ ಗೋಡೆಯೊಳಗಿದ್ದ ಅರಮನೆ ಸುಟ್ಟುಹೋಗಿ, ರಾಜರ ಹೆಸರೂ ಅಳಿದುಹೋದ ಮೇಲೆ, ನೂರಾರು ವರ್ಷ ಕುರುಬರು ಮಳೆಗೆ, ಬಿಸಿಲಿಗೆ ಮಂದೆಯನ್ನು ಇಲ್ಲಿ ಕೂಡುತ್ತಿದ್ದರು. ಕುರಿಗಳು ಒಳಗೆ ಹೋಗುವಾಗ, ಹೊರಗೆ ಬರುವಾಗ, ಸುಮ್ಮನೆ ನಿಂತಾಗ ಮೈ ಉಜ್ಜಿ ಉಜ್ಜಿ ಕಲ್ಲಿಗೆ ಆ ಹೊಳಪು ಬಂತು. ಉಣ್ಣೆ, ಉಣ್ಣೆಯ ಜಿಡ್ಡು, ಕಾಲ. ಉಳಿ ಹಿಡಿದವರು ಯಾರೂ ಈ ಕೆಲಸಕ್ಕೆ ಬರಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. “ಏನ್ರೀ, ಬಿಲ್ ಬರೆಯುತ್ತಿದ್ದೀರಾ?” ಎಂದು ಕೇಳಿದಳು.

ಬರೆಯಬೇಕಾದ ಇನ್ನೊಂದು ಬಿಲ್ ಅಲ್ಲೇ ಹತ್ತಿರ ಇತ್ತು, ಆದರೆ ನಾವು ಅಲ್ಲಿಗೆ ಹೋಗಲಾಗಲಿಲ್ಲ. ಈ ಊರಿಗೆ ಹಳ್ಳದ ಪ್ರವಾಹ ನುಗ್ಗುತ್ತಿತ್ತು. ಕ್ರಿ.ಪೂ. 1200ರ ಸುಮಾರಿಗೆ ಇಲ್ಲಿಯವರು ಪೂರ್ವಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿ ಮಣ್ಣಿನ ಒಡ್ಡು ಹಾಕಿ, ಕಾಲುವೆ ತೋಡಿ, ಹಳ್ಳವನ್ನೇ ಬೇರೆ ಪಾತ್ರಕ್ಕೆ ತಿರುಗಿಸಿದರು. ಹಳ್ಳ ಇಂದಿಗೂ ಅವರು ತಿರುಗಿಸಿದ ಕಡೆಗೇ ಹರಿಯುತ್ತಿದೆ. ಮೂರು ಸಾವಿರದ ಇನ್ನೂರು ವರ್ಷ! ನಾನು ಕಟ್ಟಿಸಿದ ಒಂದು ತಡೆಗೋಡೆ ಮೂರನೆಯ ಮಳೆಗಾಲಕ್ಕೆ ಹೋದದ್ದನ್ನು ನೆನೆದು, ಆ ವಿಷಯ ಅಲ್ಲಿಗೇ ಬಿಟ್ಟೆ.

ಸೋಮವಾರ ಮೊಬೈಲನ್ನೇ ನಂಬಿ ಮೈಸಿನಿಗೆ ಹೋದೆವು. ಸಿಂಹದ್ವಾರ ಚಿತ್ರದಲ್ಲಿ ನೋಡಿದಂತೆಯೇ ಇದೆ, ಅದೇ ಅದರ ತೊಂದರೆ. ಕ್ರಿ.ಪೂ. 1250ರ ಸುಮಾರಿನದು, ಸಿಂಹಗಳಿಗೆ ತಲೆಗಳಿಲ್ಲ, ಬೇರೆ ಮಾಡಿ ಕೂರಿಸಿದ್ದವು ಕಳೆದುಹೋಗಿವೆ. ಬಾಗಿಲ ಮೇಲಿನ ಕಲ್ಲು ಇಪ್ಪತ್ತು ಟನ್ ಎನ್ನುತ್ತಾರೆ, ಅದರ ಮೇಲೆ ಭಾರ ಬೀಳದಿರಲೆಂದು ತ್ರಿಕೋನಾಕಾರದ ಜಾಗ ಬಿಟ್ಟು ಅಲ್ಲಿ ಸಿಂಹಗಳ ಹಲಗೆ ಕೂರಿಸಿದ್ದಾರೆ. ಒಳಗೆ, 1876ರಲ್ಲಿ ಜರ್ಮನಿಯ ಉತ್ಖನನಕಾರ ಶ್ಲೀಮನ್ ಅಗೆದು ಚಿನ್ನ ತೆಗೆದ ಗೋರಿಗಳ ಸುತ್ತು. ಟ್ರಾಯ್ ಯುದ್ಧದ ಕಥೆಯ ಗ್ರೀಕ್ ಸೇನಾನಾಯಕ ಅಗಮೆಮ್ನಾನ್‌ನದೆಂದು ಹೆಸರಾದ ಚಿನ್ನದ ಮುಖವಾಡ ಸಿಕ್ಕಿದ್ದು ಅಲ್ಲೇ. ಅದು ಅಥೆನ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ; ಟ್ರಾಯ್ ಯುದ್ಧ ನಡೆದಿದ್ದರೆ ನಡೆದಿರಬಹುದಾದ ಕಾಲಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯದು. ಹೆಸರು ಮಾತ್ರ ಕಳಚಲೇ ಇಲ್ಲ.

ನನಗೆ ಅಲ್ಲಿ ಸಿಕ್ಕಿದ್ದು ಎರಡು. ಒಂದು, ಕೋಟೆಯ ಈಶಾನ್ಯ ಮೂಲೆಯ ನೆಲದಡಿಯ ಕೊಳ. ಮುತ್ತಿಗೆ ಬಿದ್ದಾಗ ನೀರಿಗೆ ಪರದಾಡದಿರಲೆಂದು ಸುಮಾರು 18 ಮೀಟರ್ ಆಳಕ್ಕೆ ಮೆಟ್ಟಿಲು ಇಳಿಸಿದ್ದಾರೆ. ಮೊಬೈಲ್ ಬೆಳಕಿನಲ್ಲಿ ಅರ್ಧ ಇಳಿದು, ಮೆಟ್ಟಿಲುಗಳು ಜಾರುತ್ತಿವೆ ಎಂದು ಅರಿವಾಗಿ, ಇಂಜಿನಿಯರನ ವಿವೇಕದಿಂದ ಹಿಂದಿರುಗಿದೆ. ಎರಡನೆಯದು ಕೋಟೆಯ ಹೊರಗಿನ ಗೋರಿ, ಅಟ್ರಿಯಸ್‌ನ ಖಜಾನೆ ಎಂದು ಕರೆಯುವುದು. ಜೇನುಗೂಡಿನಾಕಾರದ ಗುಮ್ಮಟ, ಕಲ್ಲಿನ 33 ಸುತ್ತುಗಳು, ಹದಿಮೂರು ಮೀಟರಿಗೂ ಹೆಚ್ಚು ಎತ್ತರ. ರೋಮನ್ನರ ಕಾಲದವರೆಗೆ ಇದಕ್ಕಿಂತ ದೊಡ್ಡ ಗುಮ್ಮಟ ಜಗತ್ತಿನಲ್ಲಿ ಇರಲಿಲ್ಲವಂತೆ. ಬಾಗಿಲ ಮೇಲಿನ ಒಳಗಲ್ಲಿನ ತೂಕ ಸುಮಾರು 120 ಟನ್. ಟಿರಿನ್ಸ್‌ನ ಒರಟು ಓಣಿಯಲ್ಲಿದ್ದ ಅದೇ ಲೆಕ್ಕ ಇಲ್ಲಿ ಶುದ್ಧವಾಗಿ ಮೇಲೇರಿದೆ. ಜನರ ಗುಂಪೊಂದು ಹೊರಗೆ ಹೋದ ಮೇಲೆ ಎರಡು ನಿಮಿಷ ನಾವಿಬ್ಬರೇ ಇದ್ದೆವು. ನನ್ನಾಕೆ ಮೆಲ್ಲಗೆ ಕೆಮ್ಮಿದಳು. ಕೆಮ್ಮು ಮೇಲೆ ಹೋಗಿ, ಸುತ್ತಿ, ಬೇರೆ ಯಾರದೋ ಕೆಮ್ಮಾಗಿ ಇಳಿದು ಬಂತು.

ಸಂಜೆ ಊರಿಗೆ ಮರಳಿ ಸಂತ ಸ್ಪಿರಿಡಾನ್‌ನ ಇಗರ್ಜಿಗೆ ಹೋದೆವು. ಗಲ್ಲಿಯ ಮೆಟ್ಟಿಲುಗಳ ಪಕ್ಕದ ಪುಟ್ಟ ಕಟ್ಟಡ. 1831ರ ಅಕ್ಟೋಬರ್ 9ರ ಬೆಳಿಗ್ಗೆ ಆಲೂಗಡ್ಡೆಯ ಕಪೊಡಿಸ್ಟ್ರಿಯಾಸ್ ಇಲ್ಲಿಗೆ ಪೂಜೆಗೆ ಬಂದಾಗ ಬಾಗಿಲಲ್ಲೇ ಕೊಂದರು. ಕೊಂದವರು ಮಾನಿ ಪ್ರಾಂತದ ಮಾವ್ರೊಮಿಖಾಲಿಸ್ ಮನೆತನದವರು; ಅವರ ಹಿರಿಯನನ್ನು ಅವನು ಸೆರೆಯಲ್ಲಿಟ್ಟಿದ್ದ. ಬಾಗಿಲ ಪಕ್ಕದ ಗೋಡೆಯಲ್ಲಿ ಗುಂಡಿನ ಗುರುತು, ಅದರ ಮೇಲೆ ಗಾಜು. ನೋಡಿದರೆ ಬೆರಳು ತೂರುವಷ್ಟು ಕುಳಿ, ಅಷ್ಟೇ. ಗಾಜು ಹಾಕದೆ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಬಂದವರ ಬೆರಳುಗಳು ಅದನ್ನೂ ಕುರಿಗಳ ಗೋಡೆಯಂತೆ ನುಣುಪು ಮಾಡಿರುತ್ತಿದ್ದವು. ನನ್ನ ಬೆರಳಂತೂ ಮುಂದಕ್ಕೆ ಹೋಗಿ ಗಾಜಿಗೆ ತಾಗಿತು.

ಮಂಗಳವಾರ ಎಪಿಡಾರಸ್. ರಂಗಮಂದಿರದ ವಿಷಯವನ್ನು ಎಲ್ಲರೂ ಬರೆದಿದ್ದಾರೆ; 55 ಸಾಲು, ಕ್ರಿ.ಪೂ. ನಾಲ್ಕನೆಯ ಶತಮಾನ, ಕೆಳಗಿನ ದನಿ ಮೇಲಕ್ಕೆ ಕೇಳುವ ಸೋಜಿಗ. ನಾನು ಮಧ್ಯದ ಸಾಲಿನಲ್ಲಿ ಕುಳಿತೆ. ಕೆಳಗಿನ ವೃತ್ತದ ನಡುವೆ ನಿಂತ ನನ್ನಾಕೆ ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ನೆನೆಸಿಕೊಂಡಳು. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಜಾಕ್ಸ್‌ನನ್ನು ಅವರು ಕುರುಕ್ಷೇತ್ರಕ್ಕೆ ಕರೆತಂದ ನಾಟಕ. ಕಾಲೇಜಿನಲ್ಲಿ ಕಂಠಪಾಠವಾಗಿದ್ದ ಸಾಲೊಂದನ್ನು ಹೇಳಲು ಹೋಗಿ ಮರೆತಳು. “ಈ ಮನುಷ್ಯ ಇನ್ನೂ ಗಡಿಯಾರ ತಿರುಗಿಸಿಲ್ಲ” ಎಂದದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ಪಕ್ಕದಲ್ಲಿದ್ದ ಜರ್ಮನರಿಗೂ ಕೇಳಿಸಿರಬೇಕು, ನಕ್ಕರು.

ಅಲ್ಲಿ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಸನ್ನಿಧಿಯೂ ಇದೆ. ರೋಗಿಗಳು ಅಲ್ಲಿ ಮಲಗಿ ಕನಸಿಗೆ ಕಾಯುತ್ತಿದ್ದರು. ದೇವರು ಕನಸಿನಲ್ಲಿ ಬಂದು ಗುಣ ಮಾಡುತ್ತಿದ್ದ. ಗುಣವಾದವರ ಕಥೆಗಳನ್ನು ಕೆತ್ತಿದ ಶಾಸನಗಳಿವೆ. ಐದು ವರ್ಷ ಗರ್ಭಿಣಿಯಾಗಿದ್ದವಳಿಗೆ ಹೆರಿಗೆಯಾಯಿತು, ಮಗು ಹುಟ್ಟಿದ ಕೂಡಲೇ ತಾನೇ ಹೋಗಿ ಮೈ ತೊಳೆದುಕೊಂಡಿತು ಎಂದು ಒಂದರಲ್ಲಿದೆ. ನನಗೆ ಹಿಡಿಸಿದ್ದು ಹೊರೆಯಾಳಿನ ಕಥೆ: ಯಜಮಾನನ ಬಟ್ಟಲನ್ನು ಒಡೆದುಕೊಂಡು ಅಳುತ್ತ ಬಂದವನ ಚೀಲದಲ್ಲಿ ಬಟ್ಟಲು ಕೂಡಿಕೊಂಡಿತ್ತು. ದೇವರು ಸಣ್ಣವರ ಸಣ್ಣ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದ.

ವಾಪಸಾಗುವಾಗ ದಾರಿಯಲ್ಲಿ ಅರ್ಕಾಡಿಕೊ ಎಂಬ ಹಳ್ಳಿಯ ಬಳಿ ಮೈಸಿನಿ ಕಾಲದ ಕಲ್ಲಿನ ಸೇತುವೆ ಇದೆ, ರಸ್ತೆಯಿಂದಲೇ ಕಾಣುತ್ತದೆ. ಕ್ರಿ.ಪೂ. 13ನೆಯ ಶತಮಾನದ ಸುಮಾರಿಗೆ ರಥಗಳಿಗಾಗಿ ಕಟ್ಟಿದ್ದು, ಈಗಲೂ ಅದರ ಮೇಲೆ ನಡೆದಾಡಬಹುದು. ಅದಕ್ಕಾಗಿಯೇ ನಾನು ಬೆಳಗಿನಿಂದ ಕಾದಿದ್ದೆ. ಚಾಲಕನಿಗೆ ಸನ್ನೆಯಲ್ಲಿ ಹೇಳಿದ್ದೆ, ಅವನು ತಲೆಯಾಡಿಸಿದ್ದ. ಕಿಟಕಿಗೆ ಮೂಗು ಒತ್ತಿಕೊಂಡು ಕುಳಿತೆ. ಆಲಿವ್ ಮರಗಳು, ಬೇಲಿ, ಮತ್ತೆ ಆಲಿವ್ ಮರಗಳು. ಬಸ್ಸು ನಿಧಾನವಾಗಿ, ಮತ್ತೆ ವೇಗ ಹಿಡಿಯಿತು.

“ನೋಡಿದಿರಾ?” ಎಂದಳು ಆಚೆ ಬದಿಯ ಸೀಟಿನಿಂದ.

ನಾನು ತಪ್ಪು ಬದಿಯಲ್ಲಿ ಕುಳಿತಿದ್ದೆ. “ಇಲ್ಲ. ಹೇಗಿತ್ತು?”

ಅವಳು ಸ್ವಲ್ಪ ಯೋಚಿಸಿದಳು.

“ನೀವು ಅರಸೀಕೆರೆ ರಸ್ತೆಯಲ್ಲಿ ಕಟ್ಟಿಸಿದ ಮೋರಿಯ ಹಾಗೇ ಇತ್ತು.”