ಪೊಟ್ಟಣದ ಹಿಂಬದಿ

ಇವತ್ತು ಉಡುಪಿಯ ಮೆಡಿಕಲ್ ಶಾಪಿನಲ್ಲಿ ಕೊಂಡ, ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪೊಟ್ಟಣದ ಹಿಂಬದಿಯನ್ನು ಓದುತ್ತಾ ನಿಂತಿದ್ದೆ. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್, ಇಷ್ಟೇ.

ಜೊತೆಗಿದ್ದ ಅಕ್ಕನ ಮಗಳು ಮಣಿಪಾಲದಲ್ಲಿ ಸಾಂಕ್ರಾಮಿಕ ರೋಗಗಳ ಸಂಶೋಧನೆ ಮಾಡುವವಳು. ತನ್ನ ಲೇಖನವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆಂದು ಮೊಬೈಲಿನಲ್ಲಿ ಎಣಿಸುತ್ತಿದ್ದಳು. "ಮಾಮ, ಬಡ್ತಿಗೆ ಎಚ್-ಇಂಡೆಕ್ಸ್, ಅಂದರೆ ಇಂಥ ಉಲ್ಲೇಖಗಳಿಂದ ಲೆಕ್ಕ ಹಾಕುವ ಅಂಕ, ಕೇಳುತ್ತಾರೆ" ಎಂದಳು. ಪಾಪ, ಅವಳದೇನೂ ತಪ್ಪಿಲ್ಲ.

ನನಗೆ ನೆನಪಾದದ್ದು ಡಾ. ದಿಲೀಪ್ ಮಹಲನಾಬಿಸ್. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೇ ಹೋದಾಗ, ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದವರು ಅವರು. ಗ್ಲೂಕೋಸ್ ಇದ್ದರೆ ಕರುಳು ಸೋಡಿಯಂ ಅನ್ನು ಒಳಗೆಳೆದುಕೊಳ್ಳುತ್ತದೆ, ನೀರು ಅದರ ಬೆನ್ನಿಗೇ ಹೋಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ನರ್ಸಿಲ್ಲದ ಕಡೆಯಲ್ಲಿ ತಾಯಂದಿರೂ ಅದನ್ನು ಕೊಡಬಲ್ಲರು ಎಂಬುದನ್ನು ತೋರಿಸಬೇಕಿತ್ತು. ಸುಮಾರು ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿ ಶೇ. 3.6ಕ್ಕೆ ಇಳಿಯಿತು. ಆ ವರದಿ 1973ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಲೇಖನದ ನಿಜವಾದ ಉಲ್ಲೇಖಗಳು ನಮ್ಮೂರಿನ ಅಂಗಡಿಗಳ ಕಪಾಟಿನಲ್ಲಿವೆ ಎಂದು ಅವಳಿಗೆ ಹೇಳಿದೆ. "ಅದನ್ನು ಯಾವ ಕಾಲಮ್ಮಿನಲ್ಲಿ ತುಂಬಿಸಲಿ?" ಎಂದು ನಕ್ಕಳು.

ಅಂದ ಹಾಗೆ, ಡಾ. ಮಹಲನಾಬಿಸ್ 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಘೋಷಣೆಯಾದದ್ದು 2023ರಲ್ಲಿ. ಇದು ಮಾತ್ರ ನನಗೆ ಈಗಲೂ ಸಿಟ್ಟು ಬರಿಸುತ್ತದೆ.