ಜೀನನ್ನೇ ಕತ್ತರಿಸಬಹುದಾದರೆ ರಸಾಯನಶಾಸ್ತ್ರಜ್ಞರು ಯಾಕೆ ಬೇಕು?

ರಾಸಾಯನಿಕ ಜೀವವಿಜ್ಞಾನದ, ಅಂದರೆ ಅಣುಗಳನ್ನು ಕಟ್ಟಿ ಅವುಗಳಿಂದ ಜೀವಕೋಶವನ್ನು ಅರಿಯುವ ವಿಜ್ಞಾನದ, ಮಾತು ತೆಗೆದರೆ ಸಾಕು, ಎದುರಿಗಿದ್ದವರು ಕೇಳುವುದು ಇದನ್ನೇ: “ಜೀನ್ ಕತ್ತರಿಸುವ ಕ್ರಿಸ್ಪರ್ ತಂತ್ರ ಬಂದಿದೆಯಲ್ಲ, ಬೇಡವಾದ ಜೀನನ್ನು ಕತ್ತರಿಸಿ ಹಾಕಿದರಾಯಿತು. ಜೀವಕೋಶದೊಳಗೆ ರಸಾಯನಶಾಸ್ತ್ರಜ್ಞರಿಗೆ ಇನ್ನೇನು ಕೆಲಸ?”

ಕೆಲಸ ಬೇಕಾದಷ್ಟಿದೆ. ಜೀನನ್ನು ಕತ್ತರಿಸಿದ ಮಾತ್ರಕ್ಕೆ ಅದರಿಂದ ಈಗಾಗಲೇ ತಯಾರಾದ ಪ್ರೋಟೀನ್ ಮಾಯವಾಗುವುದಿಲ್ಲ. ಅದು ಕರಗಿಹೋಗಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಅಷ್ಟು ಹೊತ್ತು ಜೀವಕೋಶ ಸುಮ್ಮನಿರುತ್ತದೆಯೇ? ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಆಮೇಲೆ ಕಾಣುವುದು ಪ್ರೋಟೀನ್ ಇಲ್ಲದ್ದರ ಪರಿಣಾಮವೋ, ಜೀವಕೋಶ ಮಾಡಿಕೊಂಡ ಹೊಂದಾಣಿಕೆಯೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ರಸಾಯನಶಾಸ್ತ್ರಜ್ಞರು ಕಟ್ಟುವ, ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುವ ಸಣ್ಣ ಅಣು ನಿಮಿಷಗಳಲ್ಲೇ ಕೆಲಸ ಶುರುಮಾಡಬಲ್ಲದು. ಅದರ ಪ್ರಮಾಣವನ್ನು ಏರಿಸಬಹುದು, ಇಳಿಸಬಹುದು, ಬಹಳ ಸಲ ತೊಳೆದು ತೆಗೆಯಲೂಬಹುದು.

ಜೀವಕೋಶದ ಮೈಮೇಲಿರುವ ಸಕ್ಕರೆ ಸರಪಳಿಗಳ ವಿಷಯವಂತೂ ಬೇರೆಯೇ. ಅವುಗಳ ರಚನೆ ಯಾವ ಜೀನಿನಲ್ಲೂ ನೇರವಾಗಿ ಬರೆದಿಲ್ಲ. ಹಾಗಾಗಿ ಪ್ರೋಟೀನಿಗೆ ಮಾಡುವಂತೆ ಜೀನ್ ತಿದ್ದಿ ಹೊಳೆಯುವ ಗುರುತು ಅಂಟಿಸಲಾಗದು. ಅಮೆರಿಕದ ರಸಾಯನಶಾಸ್ತ್ರಜ್ಞೆ ಕ್ಯಾರೊಲಿನ್ ಬರ್ಟೋಜಿ ಇದಕ್ಕೆ ಹಿಡಿದ ದಾರಿ ನನಗೆ ಬಹಳ ಇಷ್ಟ. ಅಜೈಡ್ ಎಂಬ ಮೂರು ನೈಟ್ರೋಜನ್ ಪರಮಾಣುಗಳ ಗುಂಪನ್ನು ಹೊತ್ತ ಸಕ್ಕರೆಯನ್ನು ಉಣಿಸಿದರೆ ಜೀವಕೋಶವೇ ಅದನ್ನು ತನ್ನ ಸರಪಳಿಗೆ ಸೇರಿಸಿಕೊಳ್ಳುತ್ತದೆ. ಆ ಅಜೈಡಿಗೆ ಬಣ್ಣ ಕೂಡಿಸಬಲ್ಲ, ‘ಕ್ಲಿಕ್’ ಎಂದು ಹೆಸರಾದ ಕ್ರಿಯೆಗೆ ತಾಮ್ರ ಬೇಕಿತ್ತು. ತಾಮ್ರ ಜೀವಕೋಶಕ್ಕೆ ವಿಷ. 2004ರಲ್ಲಿ ಬರ್ಟೋಜಿ ತಂಡ, ಬಾಗಿಸಿ ಬಿಗಿದ ಉಂಗುರಾಕಾರದ ಅಣುವನ್ನು ಬಳಸಿ ತಾಮ್ರದ ಹಂಗನ್ನೇ ಬಿಡಿಸಿತು. 2022ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಇದೇ ಅಜೈಡ್ ಉಪಾಯದಿಂದ 2021ರಲ್ಲಿ ಆರ್‌ಎನ್‌ಎಗೂ ಸಕ್ಕರೆ ಅಂಟಿರುತ್ತದೆ ಎಂಬ ವರದಿ ಬಂತು. ಅದರ ಬಗೆಗಿನ ವಾದವಿವಾದ ಇನ್ನೂ ನಿಂತಿಲ್ಲ.

ಆದರೆ ನನ್ನ ಉತ್ತರದ ಮುಖ್ಯ ಭಾಗ ಪ್ರೋಟ್ಯಾಕ್, ಅಂದರೆ ಬೇಡದ ಪ್ರೋಟೀನನ್ನು ಜೀವಕೋಶದಿಂದಲೇ ನಾಶ ಮಾಡಿಸುವ ಅಣು. ಸಾಮಾನ್ಯ ಔಷಧ ಪ್ರೋಟೀನಿನ ಒಂದು ಗುಳಿಯಲ್ಲಿ ಕುಳಿತು ಅದರ ಕೆಲಸವನ್ನು ತಡೆಯುತ್ತದೆ. ಅಂಥ ಗುಳಿಯೇ ಇಲ್ಲದ ಪ್ರೋಟೀನುಗಳು ಬಹಳ. 2001ರಲ್ಲಿ ಕ್ರೇಗ್ ಕ್ರೂಸ್ ಮತ್ತು ರೇಮಂಡ್ ಡೆಶೇಸ್ ತಂಡಗಳು ಎರಡು ತಲೆಯ ಅಣುವೊಂದನ್ನು ಕಟ್ಟಿದವು. ಒಂದು ತಲೆ ಬೇಡದ ಪ್ರೋಟೀನನ್ನು ಹಿಡಿಯುತ್ತದೆ, ಇನ್ನೊಂದು ತಲೆ ಇ3 ಲೈಗೇಸ್ ಎಂಬ ಕಿಣ್ವವನ್ನು. ಹೀಗೆ ಪಕ್ಕಕ್ಕೆ ಬಂದ ಪ್ರೋಟೀನಿಗೆ ಕಿಣ್ವ ಯುಬಿಕ್ವಿಟಿನ್ ಎಂಬ ‘ನಾಶಮಾಡಿ’ ಗುರುತನ್ನು ಅಂಟಿಸುತ್ತದೆ. ಜೀವಕೋಶದ ಚೂರುಯಂತ್ರವಾದ ಪ್ರೋಟಿಯಾಸೋಮ್ ಆ ಪ್ರೋಟೀನನ್ನು ಚೂರು ಮಾಡುತ್ತದೆ. ಅಣುವಿಗೆ ಏನೂ ಆಗುವುದಿಲ್ಲ, ಅದು ಮುಂದಿನ ಬೇಟೆಗೆ ಹೊರಡುತ್ತದೆ. ಬಿಗಿಯಾಗಿ ಕಚ್ಚಿಕೊಂಡೇ ಇರಬೇಕಿಲ್ಲ, ಸ್ವಲ್ಪ ಹೊತ್ತು ಹಿಡಿದರೂ ಸಾಕು.

ಇದಕ್ಕೆ ಹಳೆಯ, ಕರಾಳ ಉದಾಹರಣೆಯೊಂದು ಮೊದಲೇ ಇತ್ತು. 1950ರ ದಶಕದ ಕೊನೆಯಲ್ಲಿ ಗರ್ಭಿಣಿಯರು ತೆಗೆದುಕೊಂಡ ಥಾಲಿಡೋಮೈಡ್ ಎಂಬ ಔಷಧದಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು. ಅದು ಅಂಟಿಕೊಳ್ಳುವುದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಎಂದು ಹಿರೋಶಿ ಹಂಡಾ ಅವರ ತಂಡ ತೋರಿಸಿದ್ದು 2010ರಲ್ಲಿ. ಸೆರೆಬ್ಲಾನ್ ಒಂದು ಇ3 ಲೈಗೇಸಿನ ಭಾಗ. ಅಂದರೆ ಔಷಧ ಆ ಕಿಣ್ವಕ್ಕೆ ತಪ್ಪು ಗುರಿಗಳನ್ನು ಒಪ್ಪಿಸುತ್ತಿತ್ತು. ಸಾಲ್4 ಎಂಬ ಪ್ರೋಟೀನ್ ಹೀಗೆ ನಾಶವಾಗುತ್ತದೆ ಎಂದು 2018ರಲ್ಲಿ ತಿಳಿಯಿತು. ಈ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದವರಲ್ಲೂ ಕೈಗಳ ವೈಕಲ್ಯ ಕಂಡುಬರುತ್ತದೆ. ಇಲಿಯ ಸೆರೆಬ್ಲಾನ್ ಮತ್ತು ಸಾಲ್4 ಎರಡೂ ತುಸು ಬೇರೆಯಾದ್ದರಿಂದ ಇಲಿಮರಿಗಳಿಗೆ ಆ ಹಾನಿಯಾಗುವುದಿಲ್ಲ. ಅದೇ ಕುಟುಂಬದ ಲೆನಲಿಡೋಮೈಡ್ ಇಂದು ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಔಷಧ, ಕೆಲಸ ಮಾಡುವ ಬಗೆಯೂ ಅದೇ. ಅರ್ಧ ಶತಮಾನ ಯಾವ ಜೀನ್ ತಂತ್ರವೂ ಬಿಡಿಸದ ಈ ಒಗಟಿನ ಗಂಟು ಬಿಚ್ಚಿದ್ದು ಅಣುವನ್ನೇ ಗಾಳವಾಗಿ ಬಳಸಿದಾಗ.

ಹಾಗೆಂದು ಕ್ರಿಸ್ಪರನ್ನು ಹಳಿಯುತ್ತಿಲ್ಲ. ಮನುಷ್ಯರಲ್ಲಿ 600ರಷ್ಟು ಇ3 ಲೈಗೇಸುಗಳಿದ್ದರೂ ಪ್ರೋಟ್ಯಾಕ್ ತಯಾರಕರು ಹೆಚ್ಚಾಗಿ ನೆಚ್ಚಿರುವುದು ಸೆರೆಬ್ಲಾನ್ ಮತ್ತು ವಿಎಚ್‌ಎಲ್ ಎಂಬ ಎರಡನ್ನೇ. ಹೊಸ ಅಣುವೊಂದು ಯಾವ ಲೈಗೇಸನ್ನು ಬಳಸುತ್ತಿದೆ ಎಂದು ತಿಳಿಯಬೇಕಾದರೆ, ಕ್ರಿಸ್ಪರ್‌ನಿಂದ ಒಂದೊಂದು ಜೀವಕೋಶದಲ್ಲಿ ಒಂದೊಂದು ಜೀನನ್ನು ಕೆಡಿಸಿ, ಅಣುವನ್ನು ಸುರಿದು, ಯಾವುವು ಬದುಕುಳಿದವು ಎಂದು ನೋಡುತ್ತಾರೆ. ಬದುಕುಳಿದ ಜೀವಕೋಶದಲ್ಲಿ ಕೆಟ್ಟಿರುವ ಜೀನೇ ಆ ಲೈಗೇಸಿನ ಸುಳಿವು.